ಹೆಡ್‌ಫೋನ್ ಕೊಳ್ಳಲು ಹೊರಟಿರಾ? ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ಯಿರಿ

ಏಳೆಂಟು ವರ್ಷದ ಹಿಂದೆ ಕೂಡಿಟ್ಟ ದುಡ್ಡೆಲ್ಲ ಸುರಿದು ಒಂದು ಹೆಡ್‌ಫೋನ್ ತಂದೆ. ಸ್ಟುಡಿಯೊದವರು ಬಳಸುವಂಥದ್ದು, ಓದಿದ ಕಡೆಯೆಲ್ಲ ಹೊಗಳಿಕೆ. ಮನೆಗೆ ಬಂದು ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿ ಒಂದು ಖಯಾಲ್ ಹಚ್ಚಿದೆ. ವಾಲ್ಯೂಮ್ ನೂರಕ್ಕೆ ಏರಿಸಿದರೂ ಆಲಾಪ ಪಕ್ಕದ ಮನೆಯ ರೇಡಿಯೊದಿಂದ ಬಂದ ಹಾಗಿತ್ತು. ಹೆಡ್‌ಫೋನ್ ಕೆಟ್ಟಿರಲಿಲ್ಲ. ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ 300 ಓಂ ಅಂತ ಬರೆದಿತ್ತು. ನಾನು ಓದಿರಲಿಲ್ಲ, ಓದಿದ್ದರೂ ಆಗ ತಲೆಗೆ ಹೋಗುತ್ತಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಹಾಡು ಕೇಳುವವರು ಹೆಡ್‌ಫೋನ್ ಒಂದನ್ನೇ ನೋಡಿ ಆರಿಸಿದರೆ ಆಗುವುದು ಇದೇ. ಜಾತಕ ಎರಡೂ ಕಡೆಯದ್ದು ನೋಡಬೇಕು.

ಮೊದಲು, ಎಲ್ಲಿ ಕೂತು ಕೇಳುತ್ತೀರಿ?

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನುಗಳಲ್ಲಿ ಎರಡು ಬಗೆ. ಹಿಂಬದಿ ಮುಚ್ಚಿರುವುದು ಒಂದು, ಜಾಲರಿಯಿಟ್ಟು ತೆರೆದಿರುವುದು ಇನ್ನೊಂದು. ಹಿಂಬದಿ ತೆರೆದಿಡುವ ವಿದ್ಯೆಯನ್ನು ಮಾರುಕಟ್ಟೆಗೆ ತಂದು ಹೆಸರು ಮಾಡಿದ್ದು 1968ರಲ್ಲಿ ಬಂದ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414. ತೆರೆದದ್ದರಲ್ಲಿ ಹಾಡು ತಲೆಯೊಳಗೆ ಸಿಕ್ಕಿಕೊಳ್ಳದೆ ಕೋಣೆಯಲ್ಲಿ ಹರಡಿದಂತೆ ಕೇಳುತ್ತದೆ, ಕಿವಿಯೂ ಬೆವರುವುದಿಲ್ಲ. ಆದರೆ ನೀವು ಕೇಳುವ ಹಾಡು ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ, ಅಡುಗೆಮನೆಯ ಕುಕ್ಕರ್ ಸೀಟಿ ನಿಮಗೂ ಕೇಳುತ್ತದೆ. ಒಬ್ಬರೇ ಇರುವ ಕೋಣೆಯಿದ್ದರೆ ನನ್ನ ಓಟು ತೆರೆದದ್ದಕ್ಕೇ. ಹಾಸ್ಟೆಲ್, ಆಫೀಸು, ಬಸ್ಸು ಅಂದರೆ ಮುಚ್ಚಿದ್ದನ್ನೇ ಕೊಳ್ಳಬೇಕು.

ಗದ್ದಲ ತಡೆಯುವ ವಿದ್ಯೆಗೆ, ಅಂದರೆ ನಾಯ್ಸ್ ಕ್ಯಾನ್ಸಲಿಂಗ್‌ಗೆ, ಹೆಚ್ಚಿನ ದುಡ್ಡು ಕೊಡುವ ಮುನ್ನ ಒಂದು ವಿಷಯ ಗೊತ್ತಿರಲಿ. ಅದು ಚೆನ್ನಾಗಿ ಅಡಗಿಸುವುದು ಫ್ಯಾನು, ಬಸ್ಸಿನ ಎಂಜಿನ್ನು, ವಿಮಾನದಂಥ ಒಂದೇ ಸಮನೆ ಮೊರೆಯುವ ತಗ್ಗು ಸದ್ದನ್ನು. ಮಕ್ಕಳ ಕಿರುಚಾಟ, ಪಕ್ಕದ ಮೇಜಿನವರ ಹರಟೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮನೆಯಲ್ಲಿ ಕೂತು ಕೇಳುವವರಿಗೆ ಆ ದುಡ್ಡು ದಂಡ.

ಎರಡನೆಯದು, ಓಂ

ವಿದ್ಯುತ್ತಿನ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆಯೇ ಓಂ. ಇದೊಂದು ಲೆಕ್ಕ ತಿಳಿದರೆ ನನ್ನ ಪಾಡು ನಿಮಗೆ ಬರುವುದಿಲ್ಲ. ಸಾಮಾನ್ಯ ಲ್ಯಾಪ್‌ಟಾಪಿನ ಜ್ಯಾಕ್ ಹೆಚ್ಚೆಂದರೆ ಸುಮಾರು 1 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. ಆ 1 ವೋಲ್ಟಿನಲ್ಲಿ 32 ಓಂ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟ್ ಶಕ್ತಿ ಸಿಗುತ್ತದೆ. 300 ಓಂನದ್ದಕ್ಕೆ ಬರೀ 3. ಆನೆಗೆ ಅರೆಕಾಸಿನ ಮಜ್ಜಿಗೆ! ಜ್ಯಾಕಿಗೆ ನೇರ ಚುಚ್ಚುವವರು 16ರಿಂದ 50 ಓಂ ಒಳಗಿನದನ್ನೇ ನೋಡಿ. ಬೈಯರ್‌ಡೈನಮಿಕ್‌ನ ಡಿಟಿ 770 ಪ್ರೊ ಎಂಬ ಒಂದೇ ಮಾಡೆಲ್ 32, 80, 250 ಓಂಗಳಲ್ಲಿ ಸಿಗುತ್ತದೆ. ಹೆಸರು ನೋಡಿ ಆರ್ಡರ್ ಹಾಕಿ, ಬಂದದ್ದು 250 ಆಗಿದ್ದರೆ ಪಜೀತಿ. ಆಡಿಯೊ-ಟೆಕ್ನಿಕಾದ ಎಟಿಎಚ್-ಎಂ50ಎಕ್ಸ್ 38 ಓಂ. ಲ್ಯಾಪ್‌ಟಾಪಿಗೆ ತಕರಾರಿಲ್ಲದೆ ಹೊಂದುತ್ತದೆ.

ಓಂ ಜೊತೆಗೆ ಸೆನ್ಸಿಟಿವಿಟಿ ಎಂಬ ಸಂಖ್ಯೆಯನ್ನೂ ನೋಡಿ. ಒಂದು ಮಿಲಿವ್ಯಾಟಿಗೆ ಎಷ್ಟು ಡೆಸಿಬೆಲ್ ಸದ್ದು ಹೊರಡುತ್ತದೆ ಅನ್ನುವುದು ಅದು. ನೂರರ ಆಸುಪಾಸು ಇದ್ದರೆ ಲ್ಯಾಪ್‌ಟಾಪಿಗೆ ಭಾರವಾಗದು.

ಮ್ಯಾಕ್‌ಬುಕ್ ಇದ್ದವರ ಕತೆ ಬೇರೆ. 2021ರಿಂದೀಚೆಗಿನ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೊಗಳ ಜ್ಯಾಕ್, ಚುಚ್ಚಿದ ಹೆಡ್‌ಫೋನಿನ ಓಂ ನೋಡಿಕೊಂಡು 3 ವೋಲ್ಟ್ ತನಕ ಕೊಡುತ್ತದೆ.

ನಂಬಬಾರದ ಅಂಕಿಗಳು

'20 ಹರ್ಟ್ಜ್‌ನಿಂದ 20,000 ಹರ್ಟ್ಜ್' ಎಂದು ಇನ್ನೂರು ರೂಪಾಯಿಯ ಪೆಟ್ಟಿಗೆಯ ಮೇಲೂ ಇರುತ್ತದೆ, ಇಪ್ಪತ್ತು ಸಾವಿರದ್ದರ ಮೇಲೂ ಇರುತ್ತದೆ. ಮನುಷ್ಯನ ಕಿವಿಯ ಮಿತಿಯೇ ಅಷ್ಟು. ಆ ಹರವಿನೊಳಗೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅನ್ನುವುದು ಮುಖ್ಯ. ಅದನ್ನು ಪೆಟ್ಟಿಗೆ ಹೇಳುವುದಿಲ್ಲ. ದನಿ ಹೊರಡಿಸುವ ಭಾಗ, ಅಂದರೆ ಡ್ರೈವರ್, 50 ಎಂಎಂ ಇದ್ದ ಮಾತ್ರಕ್ಕೆ 40 ಎಂಎಂನದ್ದಕ್ಕಿಂತ ಮೇಲೂ ಅಲ್ಲ. 'ಎಕ್ಸ್‌ಟ್ರಾ ಬೇಸ್' ಎಂಬ ಪದ ಕಂಡರೆ ನಾನಂತೂ ಮುಂದಿನ ಪೆಟ್ಟಿಗೆಗೆ ಹೋಗುತ್ತೇನೆ.

ತಂತಿಯೋ, ಬ್ಲೂಟೂತೋ?

ಒಂದೇ ಬೆಲೆಗೆ ತಂತಿಯದ್ದರಲ್ಲಿ ಒಳ್ಳೆಯ ದನಿ ಸಿಗುತ್ತದೆ. ಬ್ಯಾಟರಿ, ರೇಡಿಯೊ ಚಿಪ್ಪು, ಮೈಕುಗಳಿಗೆ ಹೋಗುವ ದುಡ್ಡು ಅಲ್ಲಿ ಉಳಿಯುತ್ತದೆ. ಬ್ಯಾಟರಿ ಮುಪ್ಪಾಯಿತೆಂದು ಎಸೆಯುವ ಪ್ರಮೇಯವೂ ಇಲ್ಲ.

ಬ್ಲೂಟೂತೇ ಬೇಕೆಂದರೆ ಲ್ಯಾಪ್‌ಟಾಪಿನಲ್ಲಿ ಒಂದು ತೊಡಕು ಕಾದಿರುತ್ತದೆ. ಚೆನ್ನಾಗಿ ಬರುತ್ತಿದ್ದ ಹಾಡು ಮೀಟಿಂಗ್ ಶುರುವಾದ ಕೂಡಲೇ ಹಳೆಯ ಟೆಲಿಫೋನಿನೊಳಗಿಂದ ಬಂದಂತಾಗುತ್ತದೆ. ಮೀಟಿಂಗ್ ಮುಗಿದರೂ ಕೆಲವೊಮ್ಮೆ ಹಾಗೆಯೇ ಉಳಿಯುತ್ತದೆ. ಹೆಡ್‌ಸೆಟ್ಟಿನ ಮೈಕ್ ಎದ್ದಾಗ ಹಳೆಯ ಬ್ಲೂಟೂತ್ ವ್ಯವಸ್ಥೆ ಸ್ಟೀರಿಯೊ ಬಿಟ್ಟು ಫೋನ್ ಮಾತಿನ ಮಟ್ಟಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಪರಿಹಾರಕ್ಕೆ ಕಾಸು ಬೇಡ: ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಎಂದಿರುವಲ್ಲಿ ಹೆಡ್‌ಸೆಟ್ ಬದಲು ಲ್ಯಾಪ್‌ಟಾಪಿನದೇ ಮೈಕ್ ಆರಿಸಿ.

ಎಲ್‌ಡಿಎಸಿ, ಆಪ್ಟ್‌ಎಕ್ಸ್ ಎಂಬ ಕೋಡೆಕ್, ಅಂದರೆ ಬ್ಲೂಟೂತಿನಲ್ಲಿ ಕಳಿಸಲು ಹಾಡನ್ನು ಅಡಕಗೊಳಿಸುವ ವಿಧಾನ, ಇವುಗಳ ಹೆಸರುಗಳಿಗೆ ಮರುಳಾಗುವ ಮುನ್ನ ನಿಮ್ಮ ಲ್ಯಾಪ್‌ಟಾಪಿಗೂ ಅದು ಬರುತ್ತದೆಯೇ ವಿಚಾರಿಸಿ. ಎರಡರಲ್ಲಿ ಒಂದು ಕಡೆ ಇಲ್ಲದಿದ್ದರೂ ಮಾತುಕತೆ ಎಎಸಿಯಂಥ ಬೇರೆ ಕೋಡೆಕ್‌ನಲ್ಲೋ, ಎಲ್ಲರಿಗೂ ಬರುವ ಎಸ್‌ಬಿಸಿಯಲ್ಲೋ ನಡೆಯುತ್ತದೆ. ಲ್ಯಾಪ್‌ಟಾಪಿಗೆ ಕೀಬೋರ್ಡ್ ಜೋಡಿಸಿ ನುಡಿಸುವವರಿಗೆ ಬ್ಲೂಟೂತ್ ಬೇಡವೇ ಬೇಡ. ಬೆರಳು ಒತ್ತಿದ ಮೇಲೆ ದನಿ ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ.

ಅಂಗಡಿಯಲ್ಲಿ: ತಂಬೂರಿಯ ಪರೀಕ್ಷೆ

ಅಂಗಡಿಯವರು ಅವರ ಫೋನಿನಲ್ಲಿ ಅವರ ಹಾಡು ಹಾಕಿ ತೋರಿಸುತ್ತಾರೆ. ಬೇಡ ಅನ್ನಿ. ನಿಮ್ಮ ಲ್ಯಾಪ್‌ಟಾಪ್ ತೆಗೆಯಿರಿ; ನೂರು ಸಲ ಕೇಳಿ ಬಾಯಿಪಾಠವಾದ ನಾಲ್ಕು ಹಾಡು ಅದರಲ್ಲಿರಲಿ.

ನನ್ನ ಅಳತೆಗೋಲು ತಂಬೂರಿ. ತಂತಿಗಳನ್ನು ಹೊತ್ತ ಪಟ್ಟಿಯ, ಅಂದರೆ ಕುದುರೆಯ, ಮೇಲೆ ತಂತಿಯಡಿ ಒಂದೆಳೆ ದಾರ ಸಿಕ್ಕಿಸಿರುತ್ತಾರಲ್ಲ, ಅದರಿಂದಾಗಿ ತಂತಿ ಕುದುರೆಯನ್ನು ಸವರಿಕೊಂಡು ನಡುಗುತ್ತದೆ; ಜವಾರಿ ಎಂಬ ಝೇಂಕಾರ ಹುಟ್ಟುವುದು ಹಾಗೆ. ಒಳ್ಳೆಯ ಹೆಡ್‌ಫೋನಿನಲ್ಲಿ ಮೊದಲು ಬೆರಳು ತಂತಿ ಬಿಟ್ಟ ಮೆದು ಸದ್ದು, ಹಿಂದೆಯೇ ಝೇಂಕಾರ ಅರಳುವುದು, ಅದು ಪೂರ್ತಿ ಆರುವ ಮುಂಚೆ ಮುಂದಿನ ತಂತಿ ಅದರ ಮೇಲೆ ಬಂದು ಕೂರುವುದು, ಎಲ್ಲವೂ ಬೇರೆ ಬೇರೆಯಾಗಿ ಕೇಳುತ್ತವೆ. ಬೇಸ್ ಉಬ್ಬಿಸಿದ್ದರಲ್ಲಿ ನಾಲ್ಕೂ ತಂತಿ ಕಲಸಿ ಬರೀ ಗುಂಯ್ ಅನ್ನುತ್ತದೆ. ಟ್ರೆಬಲ್ ಕೆರಳಿಸಿದ್ದರಲ್ಲಿ ಮಲೆನಾಡಿನ ಮಳೆಗಾಲದ ಜೀರುಂಡೆ.

ಆಮೇಲೆ ತಬಲಾದ ಡಗ್ಗಾ. ವಾದಕ ಮಣಿಕಟ್ಟು ಒತ್ತಿ ದನಿಯನ್ನು ಮೇಲಕ್ಕೆ ಜಾರಿಸುವುದು ಕೇಳಬೇಕು; ಕೇಳಿದ್ದು ಬರೀ 'ಧಪ್' ಆದರೆ ಅದನ್ನು ಕೆಳಗಿಡಿ. ಮೂರನೆಯದಕ್ಕೆ ಒಂದು ಭಾವಗೀತೆ, ಹೆಣ್ಣುದನಿಯದ್ದು. 'ಸ', 'ಶ' ಬಂದಲ್ಲೆಲ್ಲ ಸೂಜಿ ಚುಚ್ಚಿದಂತಾದರೆ ಅರ್ಧ ಗಂಟೆಯಲ್ಲಿ ತಲೆನೋವು ಗ್ಯಾರಂಟಿ. ಕೊನೆಗೆ ಹೊಸ ಸ್ಟೀರಿಯೊ ಕಚೇರಿಯೊಂದನ್ನು ಹಾಕಿ ಪಿಟೀಲು ಯಾವ ಕಡೆ, ಮೃದಂಗ ಯಾವ ಕಡೆ ಅಂತ ಕಣ್ಣು ಮುಚ್ಚಿ ತೋರಿಸಿ. ಹಳೆಯ ಆಕಾಶವಾಣಿ ಧ್ವನಿಮುದ್ರಣ ಹಾಕಿ ಎಲ್ಲ ನಡುವೆಯೇ ಕೇಳುತ್ತಿದೆ ಅಂತ ದೂರಬೇಡಿ. ಮೊನೊದಲ್ಲಿ ದಾಖಲಾದದ್ದು ಎಷ್ಟು ದುಬಾರಿ ಹೆಡ್‌ಫೋನಿನಲ್ಲೂ ನಡುವೆಯೇ ನಿಲ್ಲುತ್ತದೆ.

ಎರಡನ್ನು ಹೋಲಿಸುವಾಗ ಎರಡರ ವಾಲ್ಯೂಮನ್ನೂ ಸಮ ಮಾಡಿಕೊಳ್ಳಿ. ತುಸು ಜೋರಾಗಿ ಕೇಳಿದ್ದೇ ಒಳ್ಳೆಯದೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ನನ್ನನ್ನು ಇದು ಒಮ್ಮೆಯಲ್ಲ, ಎರಡು ಸಲ ಮೋಸ ಮಾಡಿದೆ.

ತಲೆಗೆ ಹಾಕಿ ಕಾಲು ಗಂಟೆ

ಎರಡು ನಿಮಿಷಕ್ಕೆ ಎಲ್ಲವೂ ಹಗುರ. ಹದಿನೈದು ನಿಮಿಷ ಹಾಕಿಕೊಂಡೇ ನಿಲ್ಲಿ. ಅಂಗಡಿಯವರು ಗೊಣಗಿದರೆ ಗೊಣಗಲಿ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಬೇಕು. ಅದರ ಕಡ್ಡಿ ಕಿವಿಮೆತ್ತೆಯನ್ನು ಎತ್ತಿ ಹಿಡಿದರೆ ಸಂದಿಯಿಂದ ಬೇಸ್ ಸೋರಿಹೋಗುತ್ತದೆ, ಕಿವಿಯ ಮೇಲೆ ಒತ್ತುವುದು ಬೇರೆ. ನಕಲಿ ಚರ್ಮದ ಮೆತ್ತೆ ನಮ್ಮ ಬೆವರಿಗೆ ಎರಡು ಮೂರು ವರ್ಷದಲ್ಲಿ ಸಿಪ್ಪೆ ಸುಲಿದು ಕಪ್ಪು ಚೂರುಗಳಾಗಿ ಕಿವಿಗೆ, ದಿಂಬಿಗೆ ಅಂಟುತ್ತದೆ. ಬಟ್ಟೆಯ ಮೆತ್ತೆ ಸಿಕ್ಕರೆ ಒಳ್ಳೆಯದು. ಮೆತ್ತೆ ಬಿಡಿಯಾಗಿ ಸಿಗುತ್ತದೆಯೇ, ತಂತಿ ಕಳಚಿ ಬೇರೆ ಹಾಕಬಹುದೇ ಎಂದು ಕೇಳಲು ಮರೆಯಬೇಡಿ. ಹೆಡ್‌ಫೋನ್ ಸಾಯುವುದು ಬಹುಪಾಲು ಜ್ಯಾಕಿನ ಕುತ್ತಿಗೆಯಲ್ಲಿ.

ಮನೆಗೆ ತಂದ ಮೇಲೆ

ಹಾಡು ನಿಂತಾಗ ಸುಂಯ್ ಎನ್ನುತ್ತದೆಯೇ? ಮೌಸ್ ಆಡಿಸಿದರೆ ಕಿರಿಕಿರಿ ಸದ್ದು ಬರುತ್ತದೆಯೇ? ಅದು ಲ್ಯಾಪ್‌ಟಾಪಿನ ಒಳಗಿನ ಗಲಾಟೆ, ಹೆಡ್‌ಫೋನಿನ ತಪ್ಪಲ್ಲ. ಯುಎಸ್‌ಬಿ-ಸಿ ತೂತಿಗೆ ಚುಚ್ಚುವ ಪುಟ್ಟ ಡ್ಯಾಕ್ ಡಾಂಗಲ್ ಸಿಗುತ್ತದೆ. ಅಂಕಿಗಳನ್ನು ದನಿಯಾಗಿಸುವ ಕೆಲಸವನ್ನು ಅದು ಲ್ಯಾಪ್‌ಟಾಪಿನ ಹೊರಗೆ ಮಾಡುವುದರಿಂದ ಬಹಳಷ್ಟು ಸಲ ಆ ಗಲಾಟೆ ನಿಲ್ಲುತ್ತದೆ. ನನ್ನ 300 ಓಂ ಭೂತಕ್ಕೆ ಕೊನೆಗೆ ಬಾಯಿ ಬಂದದ್ದು ಇಂಥದೇ, ತುಸು ಬಲವಾದ, ಒಂದು ಡಾಂಗಲ್‌ನಿಂದ. ವಿಂಡೋಸ್‌ನವರು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ 'ಎನ್ಹ್ಯಾನ್ಸ್‌ಮೆಂಟ್ಸ್' ಆಫ್ ಮಾಡಿಬಿಡಿ. ಕಂಪನಿಯವರು ತುಂಬಿದ ಒಗ್ಗರಣೆ ಅದು.

ವಾಲ್ಯೂಮ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ: ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ತನಕ ಕೇಳಬಹುದು, 90 ಆದರೆ ಬರೀ 4 ಗಂಟೆ. ಗದ್ದಲದ ಜಾಗದಲ್ಲಿ ತೆರೆದ ಹೆಡ್‌ಫೋನ್ ಹಾಕಿದವರು ಗೊತ್ತಿಲ್ಲದೆ ಆ ತೊಂಬತ್ತಕ್ಕೆ ಏರಿಸುತ್ತಾರೆ. ಎಲ್ಲಿ ಕೂತು ಕೇಳುತ್ತೀರಿ ಎಂದು ಮೊದಲೇ ಕೇಳಿದ್ದು ಇದಕ್ಕೂ ಸೇರಿ.

ವಾಪಸ್ ಮಾಡುವ ಗಡುವು ಮುಗಿಯುವ ತನಕ ದಿನಾ ಒಂದು ಗಂಟೆಯಾದರೂ ಕೇಳಿ. ಎಡಬಲ ಸಮವಿದೆಯೇ, ತಂತಿ ಅಲ್ಲಾಡಿಸಿದರೆ ಕರಕರ ಅನ್ನುತ್ತದೆಯೇ ನೋಡಿ. ಬಿಲ್ಲನ್ನು ಮಡಚಿ ಪೆಟ್ಟಿಗೆಯೊಳಗೇ ಇಟ್ಟು, ವಾರಂಟಿ ಮುಗಿಯುವ ತನಕ ಆ ಪೆಟ್ಟಿಗೆಯನ್ನು ಅಟ್ಟದ ಮೇಲಿಡಿ. ಮನೆಯವರು ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕದಂತೆ ಮೇಲೆ ದೊಡ್ಡದಾಗಿ ಬರೆದಿಟ್ಟರೆ ಇನ್ನೂ ಒಳ್ಳೆಯದು.