ವೃದ್ಧಾಶ್ರಮ ನೋಡಲು ಹೋದರೆ ಕೊನೆಯ ಮಂಚದವರೆಗೂ ಹೋಗಿ

ನಮ್ಮ ದೊಡ್ಡಮ್ಮನನ್ನು ಸೇರಿಸಿದ್ದ ಜಾಗ ನೋಡೋಕೆ ಚೆನ್ನಾಗಿಯೇ ಇತ್ತು. ಬಾಗಿಲಲ್ಲಿ ರಂಗೋಲಿ, ಹಾಲ್‌ನಲ್ಲಿ ದೊಡ್ಡ ಟಿವಿ, ದೇವರ ಮನೆ. ಮೂರನೇ ವಾರ ಹೋದಾಗ ಅವರ ತುಟಿ, ನಾಲಿಗೆ ಒಣಗಿ ಹೋಗಿತ್ತು. ನೀರಿನ ಚೊಂಬು ತುಂಬಿಯೇ ಇತ್ತು, ಆದರೆ ಕಿಟಕಿ ಕಟ್ಟೆಯ ಮೇಲೆ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ್ದ ಅವರಿಗೆ ಅದು ಎಟುಕುತ್ತಿರಲಿಲ್ಲ. ಸೇರಿಸುವ ಮೊದಲು ನಾವು ಹಾಲ್ ನೋಡಿ ಬಂದಿದ್ದೆವು, ಮಂಚದ ಹತ್ತಿರ ಹೋಗಿರಲಿಲ್ಲ.

ಮೊದಲನೇ ಸಲ ಫೋನ್ ಮಾಡಿ ಹೋಗಿ. ಎರಡನೇ ಸಲ ಹೇಳದೆ, ಊಟದ ಹೊತ್ತಿಗೆ ಹೋಗಿ. ಕೈಯಾರೆ ತಿನ್ನಲಾಗದವರಿಗೆ ಹೇಗೆ ತಿನ್ನಿಸುತ್ತಾರೆ ಅಂತ ನಿಂತು ನೋಡಿ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿರಬೇಕು. ಮಲಗಿಸಿಕೊಂಡೇ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬಾಯಲ್ಲಿರುವುದನ್ನು ನುಂಗುವ ಮೊದಲೇ ಮುಂದಿನ ಚಮಚ ಬರುತ್ತಿದೆಯಾ? ಆಯಾಗಳು ಸಾಕಷ್ಟಿಲ್ಲ ಎಂದರ್ಥ. ಪಾಪ, ಒಬ್ಬಳೇ ಎಂಟು ಜನಕ್ಕೆ ತಿನ್ನಿಸಬೇಕಾದರೆ ಅವಳಾದರೂ ಏನು ಮಾಡುತ್ತಾಳೆ?

ಆಮೇಲೆ, ಎದ್ದು ಓಡಾಡಲಾಗದವರ ಕೋಣೆ ತೋರಿಸಿ ಅನ್ನಿ. ನೀರು, ಕನ್ನಡಕ, ಕರೆಗಂಟೆ ಕೈಗೆ ಸಿಗುವಂತಿವೆಯಾ? ಒಮ್ಮೆ ಗಂಟೆ ಒತ್ತಿ, ಯಾರಾದರೂ ಬರುತ್ತಾರಾ ನೋಡಿ. ಒಂದು ಕೋಣೆಯಲ್ಲಿ ಆ ಹೊತ್ತಿಗೆ ವಾಸನೆ ಇದ್ದರೆ ದೊಡ್ಡ ವಿಷಯವಲ್ಲ. ಎಲ್ಲ ಕೋಣೆಗಳಲ್ಲೂ ಫಿನಾಯಿಲ್ ಜೊತೆ ಮೂತ್ರದ ವಾಸನೆ ಇದ್ದರೆ ಡೈಪರ್ ಹೊತ್ತಿಗೆ ಸರಿಯಾಗಿ ಬದಲಾಗುತ್ತಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಗಾಢ ನಿದ್ದೆಯಲ್ಲಿದ್ದರೆ ಯಾವ ಮಾತ್ರೆ ಕೊಡುತ್ತೀರಿ ಅಂತ ಕೇಳಿಬಿಡಿ. ಕೈಗಳನ್ನು ಮಂಚಕ್ಕೆ ಕಟ್ಟಿದ್ದು ಕಂಡರೆ ಅಲ್ಲಿ ಸೇರಿಸಲೇಬೇಡಿ.

ಆರೈಕೆಯ ದಾಖಲೆ ಪುಸ್ತಕವನ್ನೂ ಕೇಳಿ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಅದನ್ನು ಬರೆದಿಡಬೇಕು. ನೀವು ಮೂರು ಗಂಟೆಗೆ ನೋಡುವಾಗ ನಾಲ್ಕರ ಸಾಲೂ ತುಂಬಿದ್ದರೆ ಅದನ್ನು ಸುಮ್ನೆ ಬರೆದಿದ್ದಾರೆ, ಅಷ್ಟೇ. ತಿಂಗಳ ತೂಕದ ಲೆಕ್ಕವೂ ಇರಬೇಕು. ತೂಕ ಇಳಿಯುತ್ತಾ ಹೋದರೆ ಯಾಕೆ ಅಂತ ಕೇಳಬೇಕು ಅಲ್ವಾ?

ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಎದೆನೋವು ಬಂದರೆ ಯಾವ ಆಸ್ಪತ್ರೆ, ಜೊತೆಗೆ ಯಾರು ಹೋಗುತ್ತಾರೆ ಎಂಬುದನ್ನು ಬಾಯಿಮಾತಲ್ಲಿ ಬಿಡದೆ ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಅಡ್ವಾನ್ಸ್ ವಾಪಸ್ ವಿಷಯವೂ ಅದರಲ್ಲೇ ಇರಲಿ. ಚಿಕಿತ್ಸೆಯನ್ನೂ ನಾವೇ ಕೊಡುತ್ತೇವೆ ಅನ್ನುವ ಜಾಗವಾದರೆ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ, ಅಂದರೆ ಕೆಪಿಎಂಇ ನೋಂದಣಿ ಆಗಿದೆಯಾ ಕೇಳಿ.

ಸೇರಿಸಿದ ಮೇಲೆ ನಿಜವಾದ ಕೆಲಸ ಶುರು. ಪ್ರತಿ ಸಲ ಹೋದಾಗ ಕಾಲುಚೀಲ ತೆಗೆದು ಹಿಮ್ಮಡಿ ನೋಡಿ. ಸೊಂಟದ ಹಿಂದೆ, ಬೆನ್ನುಮೂಳೆ ಮುಗಿಯುವ ಜಾಗವನ್ನೂ ನೋಡಿ. ಹಾಸಿಗೆ ಹುಣ್ಣು ಜಾಸ್ತಿ ಶುರುವಾಗುವುದು ಇಲ್ಲೇ. ಕೆಂಪಗಿದ್ದರೆ ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡರೆ ಸದ್ಯಕ್ಕೆ ಸಮಾಧಾನ. ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗುತ್ತಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣದೇ ಇರಬಹುದು, ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಇದ್ದರೆ ಅವತ್ತೇ ಹೇಳಿ. ಆ ಜಾಗವನ್ನು ತಿಕ್ಕಬೇಡಿ.

ದೊಡ್ಡಮ್ಮನಿಗೆ ಎಡಗೈ ಪಕ್ಕ ಒಂದು ಸ್ಟೂಲ್ ಹಾಕಿಸಿ, ಅದರ ಮೇಲೆ ಹಿಡಿ ಇರುವ ಲೋಟ ಇಡಿಸಿದೆವು. ಹೇಳಿದ ಮೇಲೆ ಆಶ್ರಮದವರು ಮಾಡಿದರು. ಹೇಳಿದರೂ ಕೇಳದಿದ್ದರೆ ತಾರೀಖು ಹಾಕಿ ದೂರು ಬರೆದುಕೊಡಿ, ಫೋಟೋ ಇಟ್ಟುಕೊಳ್ಳಿ. ಹಿರಿಯ ನಾಗರಿಕರ ಸಹಾಯವಾಣಿ 14567. ಅದಕ್ಕೆ ಕರೆ ಮಾಡಲು ದುಡ್ಡಿಲ್ಲ.