ಹೊಸ್ತಿಲಿಗೆ ಹಿತ್ತಾಳೆ, ಬಚ್ಚಲಿಗೆ 316: ನಮ್ಮ ಮನೆಗೆ ಪಟ್ಟಿ ಆರಿಸಿದ್ದು ಹೀಗೆ

ಅಂಗಡಿಗೆ ಹೋಗಿ ಬಾಗಿಲ ಹತ್ತಿರ ನೆಲದ ಅಂಚು ಮುಚ್ಚಲು ಮೆಟಲ್ ಪಟ್ಟಿ ಬೇಕು ಅಂದರೆ ಮೊದಲು ಬರುವ ಪ್ರಶ್ನೆ, ‘ಯಾವ ಕಲರ್?’ ಗೋಲ್ಡ್, ರೋಸ್ ಗೋಲ್ಡ್, ಬ್ಲ್ಯಾಕ್, ಶಾಂಪೇನ್ ಅಂತ ಒಂದು ಹಲಗೆಯ ಮೇಲೆ ಸಾಲಾಗಿ ತುಂಡುಗಳನ್ನು ಅಂಟಿಸಿಟ್ಟಿರುತ್ತಾರೆ. ಲೈಟಿನ ಕೆಳಗೆ ಎಲ್ಲವೂ ಚೆಂದವೇ. ನಮ್ಮ ಮನೆ ಉಡುಪಿ ಜಿಲ್ಲೆಯಲ್ಲಿ, ಕಡಲಿಗೆ ಹತ್ತಿರ. ಹಾಗಾಗಿ ಬಣ್ಣದ ಮಾತು ಆಮೇಲೆ ಇರಲಿ ಅಂದುಕೊಂಡೆ. ಆ ಪಟ್ಟಿಯ ಮೇಲೆ ದಿನಾ ಬೀಳುವುದು ಏನು ಅಂತ ಮೊದಲು ಒಂದೊಂದೇ ಬಾಗಿಲ ಹತ್ತಿರ ನಿಂತು ನೋಡಿದೆ. ಒಂದು ಕಡೆ ಅರಶಿನ-ಕುಂಕುಮ. ಇನ್ನೊಂದು ಕಡೆ ಸೋಪಿನ ನೀರು. ಚಾವಡಿಯಲ್ಲಿ ಹೊಯ್ಗೆ (ಮರಳು) ಮೆತ್ತಿದ ಕಾಲು. ಕೋಣೆಯಲ್ಲಿ ಬರೀ ಧೂಳು. ಎಲ್ಲದಕ್ಕೂ ಒಂದೇ ಫಿನಿಶ್ ಹಾಕಿ ‘ಮ್ಯಾಚಿಂಗ್’ ಮಾಡುವ ಆಸೆಯನ್ನು ಅಲ್ಲಿಯೇ ಬಿಟ್ಟೆ.

ಎದುರಿನ ಬಾಗಿಲಿನ ಹೊಸ್ತಿಲು ಹಲಸಿನ ಮರದ್ದು, ಹಳೆಯದು. ನಡುವೆ ಸವೆದು ತಗ್ಗಾಗಿತ್ತು. ಅದಕ್ಕೆ ತಗಡು ಹೊದಿಸಬೇಕು ಅಂತಾದಾಗ ಅಂಗಡಿಯಲ್ಲಿ ತೋರಿಸಿದ್ದು ಗೋಲ್ಡ್ ಕಲರಿನ ಸ್ಟೀಲು. ಪಿವಿಡಿ ಕೋಟಿಂಗ್ ಅಂತಾರೆ. ನಿರ್ವಾತದಲ್ಲಿ ಟೈಟೇನಿಯಂ ಸಂಯುಕ್ತದ ಬಹಳ ತೆಳು ಪದರ ಕೂರಿಸುವ ವಿಧಾನ ಅದು. ಒಳ್ಳೆಯ ಪಿವಿಡಿ ಗಟ್ಟಿಯೇ, ಸುಲಭಕ್ಕೆ ಹೋಗುವುದಿಲ್ಲ. ಆದರೆ ಗೀರು ಆಳವಾಗಿ ಬಿದ್ದರೆ ಒಳಗಿನ ಬೆಳ್ಳಗಿನ ಸ್ಟೀಲು ಇಣುಕುತ್ತದೆ. ಮತ್ತೆ ಪಾಲಿಶ್ ಮಾಡಿ ಸರಿ ಮಾಡುವ ಹಾಗಿಲ್ಲ.

ನಮ್ಮಲ್ಲಿ ಹೊಸ್ತಿಲು ಸುಮ್ಮನೆ ದಾಟುವ ಜಾಗ ಅಲ್ಲವಲ್ಲ. ಸೋಣ ತಿಂಗಳಲ್ಲಿ, ಅಂದರೆ ಸಿಂಹ ಮಾಸದಲ್ಲಿ, ದಿನಾ ತೊಳೆದು, ಶೇಡಿಯಲ್ಲಿ (ಬಿಳಿ ಮಣ್ಣು) ಬರೆದು, ಅರಶಿನ-ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಆಗುತ್ತದೆ. ಉಳಿದ ತಿಂಗಳಲ್ಲೂ ಶುಕ್ರವಾರ ತಪ್ಪುವುದಿಲ್ಲ. ಅದನ್ನು ಅಮ್ಮ ತೊಳೆಯುವುದು ಬಟ್ಟೆಯಿಂದ ಒರೆಸಿ ಅಲ್ಲ, ಹುಣಸೆಹುಳಿ ಹಾಕಿ ತಿಕ್ಕಿ. ಹಿತ್ತಿಲಲ್ಲಿ ಬಿಂಬುಳಿ ಬಿಟ್ಟಿದ್ದರೆ ಬಿಂಬುಳಿ. ನಾನು ಗೋಲ್ಡ್ ಸ್ಟೀಲಿನ ಸ್ಯಾಂಪಲ್ ತಂದು ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ಇದನ್ನು ತಿಕ್ಕಿದರೆ ಹೊಳಪು ಬರುತ್ತದಾ, ಹೋಗುತ್ತದಾ?’ ನನ್ನ ಪಾಲಿಗೆ ತೀರ್ಮಾನ ಅಲ್ಲೇ ಆಯಿತು.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಪ್ಪು ಗಾಳಿಗೆ ಬೇಗ ಕಪ್ಪಾಗುತ್ತದೆ, ಮೂಲೆಯಲ್ಲಿ ನೀರು ನಿಂತರೆ ಹಸಿರು ಕಿಲುಬು ಹಿಡಿಯುತ್ತದೆ. ಹುಳಿ ಬಿದ್ದರೆ ಆ ಪದರ ಕರಗಿ ಮತ್ತೆ ಹೊಸದರ ಹಾಗೆ. ಹೇಗೂ ವಾರವಾರ ತಿಕ್ಕುವವರು ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಲೋಹ ಇಲ್ಲ. ಒಂದೇ ಶರತ್ತು: ಲ್ಯಾಕರ್ ಹೊಡೆದ ಹಿತ್ತಾಳೆ ಬೇಡ. ಕಪ್ಪಾಗದಿರಲಿ ಅಂತ ಪಾರದರ್ಶಕ ಲ್ಯಾಕರ್ ಹೊಡೆದು ಮಾರುತ್ತಾರೆ. ಗೋಡೆಯ ಮೇಲಿನ ಫ್ರೇಮಿಗೆ ಅದು ಸರಿ. ಹೊಸ್ತಿಲಲ್ಲಿ ಕಾಲು ಬೀಳುವ ಕಡೆ, ತಿಕ್ಕುವ ಕಡೆ ಲ್ಯಾಕರ್ ತೇಪೆ ತೇಪೆಯಾಗಿ ಎದ್ದು, ಎದ್ದಲ್ಲಿ ಮಾತ್ರ ಕಪ್ಪಾಗಿ, ತೊನ್ನು ಹತ್ತಿದ ಹಾಗೆ ಕಾಣುತ್ತದೆ. ಯಾವ ಹುಣಸೆಹಣ್ಣಿಗೂ ಅದು ಸರಿಹೋಗುವುದಿಲ್ಲ. ಪೂರ್ತಿ ಲ್ಯಾಕರ್ ಕಿತ್ತೇ ತೆಗೆಯಬೇಕು.

ತಗಡು ತೂಕದ ಮೇಲೆ ಸಿಗುತ್ತದೆ. ನಾನು ತಂದದ್ದು 20 ಗೇಜ್, ಸುಮಾರು 0.9 ಮಿ.ಮೀ. ದಪ್ಪ. 4 ಅಡಿ ಉದ್ದ, ಮೇಲೆ ಮತ್ತು ಮುಂದೆ ಸೇರಿ 1 ಅಡಿ ಅಗಲ ಅಂದರೆ ಎರಡೂಮುಕ್ಕಾಲು ಕಿಲೋ ಹತ್ತಿರ ಬರುತ್ತದೆ. ಇನ್ನೂ ತೆಳುವಾದದ್ದು ಅಗ್ಗ, ಆದರೆ ಹಿಮ್ಮಡಿ ಬಿದ್ದಲ್ಲಿ ತಗ್ಗಾಗುತ್ತದೆ. ‘ಬ್ರಾಸ್ ಫಿನಿಶ್’ ಅಂತ ಬರೆದದ್ದು ಹಿತ್ತಾಳೆ ಅಲ್ಲ ಅನ್ನುವುದು ನೆನಪಿರಲಿ. ಅದು ಬಣ್ಣದ ಸ್ಟೀಲೋ ಅಲ್ಯೂಮಿನಿಯಮ್ಮೋ ಆಗಿರುತ್ತದೆ. ಕೈಯಲ್ಲಿ ಎತ್ತಿ ನೋಡಿ. ಅಷ್ಟೇ ಗಾತ್ರದ ಅಲ್ಯೂಮಿನಿಯಂ ಹಿತ್ತಾಳೆಯ ಮೂರನೇ ಒಂದು ಪಾಲು ಕೂಡ ತೂಗುವುದಿಲ್ಲ. ಸ್ಟೀಲಾದರೆ ತೂಕದಲ್ಲಿ ಗೊತ್ತಾಗುವುದು ಕಷ್ಟ, ಹಿಂಬದಿಯಲ್ಲಿ ಒಂದು ಮೂಲೆ ಕೆರೆದು ನೋಡಬೇಕು.

ಕೂರಿಸುವ ಕೆಲಸ ಮರಗೆಲಸದ ಆಚಾರ್ರದ್ದು. ಅವರ ಕೆಲಸ ನೋಡುವುದೇ ಒಂದು ಸುಖ. ಹಿತ್ತಾಳೆ ತಗಡಿಗೆ ಹಿತ್ತಾಳೆ ಸ್ಕ್ರೂ, ಇದು ಮೊದಲ ಮಾತು. ಕಬ್ಬಿಣದ್ದು ಹಾಕಿದರೆ ಒದ್ದೆಯಲ್ಲಿ ಹಿತ್ತಾಳೆಯ ಸಹವಾಸಕ್ಕೆ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ, ಮರಕ್ಕೂ ಕಪ್ಪು ಕಲೆ. ಆದರೆ ಹಿತ್ತಾಳೆ ಸ್ಕ್ರೂ ಮೆದು. ಹಳೆಯ ಹಲಸಿನ ಮರಕ್ಕೆ ನೇರ ಬಿಗಿದರೆ ತಲೆ ಮುರಿದು ಕೈಗೆ ಬರುತ್ತದೆ. ಅವರು ಮೊದಲು ಸಣ್ಣ ತೂತು ಕೊರೆದರು. ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದನ್ನು ಪೂರ್ತಿ ಇಳಿಸಿ ವಾಪಸ್ ಬಿಚ್ಚಿದರು. ಮರದಲ್ಲಿ ಆಗಲೇ ದಾರಿ ಆಗಿತ್ತು. ಆಮೇಲೆ ಹಿತ್ತಾಳೆ ಸ್ಕ್ರೂವನ್ನು ಬಟ್ಟೆ ಸೋಪಿನ ತುಂಡಿಗೆ ಒಂದು ಸಲ ಒತ್ತಿ, ಮಶೀನ್ ಬದಿಗಿಟ್ಟು, ಕೈಯಲ್ಲೇ ತಿರುಗಿಸಿದರು. ತಗಡಿನ ಅಂಚನ್ನು ಕೆಳಕ್ಕೆ ಮಡಚಿ ಬಡಿದಿದ್ದರು. ಬರಿಗಾಲಲ್ಲಿ ಓಡಾಡುವ ಮನೆ, ಅಂಚು ಬಿಟ್ಟರೆ ಬೆರಳು ಕತ್ತರಿಸೀತು.

ಇಲ್ಲಿ ಇನ್ನೊಂದು ವಿಷಯ. ತಗಡು ಮತ್ತು ನೆಲದ ಸಂದಿಗೆ ಸಿಲಿಕೋನ್ ಹಾಕುವುದಿದ್ದರೆ ‘ನ್ಯೂಟ್ರಲ್’ ಅಂತ ಬರೆದ ಟ್ಯೂಬೇ ತನ್ನಿ. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಹಿತ್ತಾಳೆಯ ಅಂಚಿಗೆ ಹಸಿರು ಗೆರೆ ಬರುವುದು ಅದರಿಂದಲೇ.

ಬಚ್ಚಲಿನ ಕಥೆ ಬೇರೆ. ಅಲ್ಲಿ ಒಳಗಿನ ನೆಲ ಒಂದು ಇಂಚು ಕೆಳಗಿದೆ. ಹೊರಗಿನ ಟೈಲ್ಸಿನ ಕತ್ತರಿಸಿದ ಅಂಚು ಮುಚ್ಚಲು ಎಲ್-ಪಟ್ಟಿ ಬೇಕು. ಸ್ಟೀಲೇ ಸರಿ, ಆದರೆ ಯಾವ ಸ್ಟೀಲು? 304, 202, 316 ಅನ್ನುವುದು ಸ್ಟೇನ್‌ಲೆಸ್ ಸ್ಟೀಲಿನ ಗ್ರೇಡುಗಳು. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಅಗ್ಗ, ಹೊಳಪೂ ಅಷ್ಟೇ, ಆದರೆ ಕರಾವಳಿಯಲ್ಲಿ ಬೇಗ ಕಂದು ಕಲೆ ಬೀಳುತ್ತದೆ. ‘ಮ್ಯಾಗ್ನೆಟ್ ಹಿಡಿಯಲಿಲ್ಲ, ಹಾಗಾಗಿ 304’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 202ಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಬ್ಯಾಟರಿ ಜೊತೆ ಬರುವ ಟೆಸ್ಟಿಂಗ್ ದ್ರಾವಣದ ಒಂದು ಹನಿ ಹಾಕಿ ನೋಡುವುದೇ ದಾರಿ. ಹನಿ ಕೆಂಪಾದರೆ ಮ್ಯಾಂಗನೀಸ್ ಜಾಸ್ತಿ ಅಂತ ಅರ್ಥ. ಬಿಲ್ಲಿನಲ್ಲೂ ಗ್ರೇಡ್ ಬರೆಸಿಕೊಳ್ಳಿ.

ನಾನು ಬಚ್ಚಲಿಗೂ ಚಾವಡಿಗೂ 316 ಹಾಕಿಸಿದೆ. ಅದರಲ್ಲಿ ನೂರಕ್ಕೆ 2ರಿಂದ 3 ಪಾಲು ಮಾಲಿಬ್ಡಿನಂ ಅನ್ನುವ ಲೋಹ ಇರುತ್ತದೆ. ಉಪ್ಪಿಗೆ ತಡೆಯುವುದು ಅದೇ. ರೆಡಿ ಪಟ್ಟಿ ಸಿಗಲಿಲ್ಲ. ಬೋಟಿನ ಕೆಲಸ ಮಾಡುವ ಫ್ಯಾಬ್ರಿಕೇಶನ್‌ನವರ ಹತ್ತಿರ ಶೀಟು ಕತ್ತರಿಸಿ ಬೆಂಡ್ ಮಾಡಿಸಿದೆ. ಕಬ್ಬಿಣ ಕತ್ತರಿಸಿದ ಡಿಸ್ಕಿನಲ್ಲಿ ಇದನ್ನು ಕತ್ತರಿಸಬಾರದು. ಕಬ್ಬಿಣದ ಕಣ ಅಂಟಿಕೊಂಡು ಒಳ್ಳೆಯ ಸ್ಟೀಲೂ ತುಕ್ಕು ಹಿಡಿದ ಹಾಗೆ ಕಾಣುತ್ತದೆ. ಅವರಿಗೆ ಅದನ್ನು ಹೇಳಿಕೊಡಬೇಕಾಗಲಿಲ್ಲ.

ಫಿನಿಶ್ ವಿಷಯದಲ್ಲಿ ಸ್ವಲ್ಪ ಯೋಚಿಸಿದ್ದು ಚಾವಡಿಯ ಪಟ್ಟಿಗೆ. ಮಿರರ್ ಫಿನಿಶ್ ನುಣುಪು, ಉಪ್ಪು ಕೂರುವುದು ಕಡಿಮೆ, ಕಲೆಯೂ ಕಡಿಮೆ. ಆದರೆ ಹೊಯ್ಗೆ ಕಾಲಿನ ಕೆಳಗೆ ಅದು ಮರಳುಕಾಗದ ತಿಕ್ಕಿಸಿಕೊಂಡಂತೆಯೇ, ಒಂದು ಮಳೆಗಾಲ ಕಳೆಯುವುದರೊಳಗೆ ಮಂಕು. ಒರಟು ಬ್ರಶ್ ಫಿನಿಶ್‌ನಲ್ಲಿ ಗೀರು ಕಾಣುವುದಿಲ್ಲ, ಆದರೆ ಗೆರೆಗಳಲ್ಲಿ ಉಪ್ಪು ಕೂತು ಕಲೆ ಶುರು. ಕೊನೆಗೆ ನಯವಾದ ಹೇರ್‌ಲೈನ್, ಗೆರೆ ಪಟ್ಟಿಯ ಉದ್ದಕ್ಕೆ. ಮಳೆ ನೀರು ನೇರ ಬೀಳುವ ಜಾಗಕ್ಕಿಂತ ಮಾಡಿನ ಕೆಳಗೆ, ಮಳೆ ತಾಗದ ಜಾಗದ ಸ್ಟೀಲಿಗೇ ಕಲೆ ಜಾಸ್ತಿ. ಮಳೆ ಉಪ್ಪು ತೊಳೆಯುತ್ತದೆ, ಮಾಡಿನ ಕೆಳಗೆ ತೊಳೆಯುವವರು ಯಾರು? ಅದಕ್ಕೆ ಬಾವಿ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಆಗಾಗ ಒರೆಸುತ್ತೇನೆ, ಅಷ್ಟೇ.

ಬಚ್ಚಲ ಪಟ್ಟಿಗೆ ಕಾಟ ಕೊಡುವುದು ಆಸಿಡ್. ಟೈಲ್ಸ್ ಹಾಕಿ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯುವುದು ಮೇಸ್ತ್ರಿಗಳ ರೂಢಿ. ಹೈಡ್ರೋಕ್ಲೋರಿಕ್ ಆಸಿಡ್ಡಿಗೆ 316 ಕೂಡ ತಡೆಯುವುದಿಲ್ಲ, ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಟಾಯ್ಲೆಟ್ ತೊಳೆಯುವ ದ್ರವದಲ್ಲೂ ಬಹಳ ಕಡೆ ಅದೇ ಇರುತ್ತದೆ. ಹಾಗಾಗಿ ಆಸಿಡ್ ಕೆಲಸ ಮುಗಿಸಿ, ಚೆನ್ನಾಗಿ ನೀರು ಹೊಯ್ದು ತೊಳೆದ ಮೇಲೆಯೇ ಪಟ್ಟಿ ಕೂರಿಸಿ ಅಂತ ಮೇಸ್ತ್ರಿಗೆ ಹೇಳಿದ್ದೆ.

ಒಳಗಿನ ಕೋಣೆಗೆ ತಲೆಕೆಡಿಸಿಕೊಳ್ಳಲಿಲ್ಲ. ಟೈಲ್ಸ್ ಮತ್ತು ಮರದ ಲ್ಯಾಮಿನೇಟ್ ಸೇರುವಲ್ಲಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಟಿ-ಪಟ್ಟಿ, ಶಾಂಪೇನ್ ಬಣ್ಣ. ಆನೊಡೈಸಿಂಗ್ ಬಳಿದ ಬಣ್ಣ ಅಲ್ಲ, ಲೋಹದ ಮೇಲ್ಮೈಯನ್ನೇ ಗಟ್ಟಿ ಮಾಡಿದ್ದು. ಪೌಡರ್ ಕೋಟಿಂಗ್ ಕಾಲು ತಾಗುವಲ್ಲಿ ಸವೆಯುತ್ತದೆ, ಬೇಡ. ಹಸಿ ಸಿಮೆಂಟು ಮಾತ್ರ ಅಲ್ಯೂಮಿನಿಯಮ್ಮಿಗೆ ತಾಗಬಾರದು. ಸುಣ್ಣದ ಗುಣಕ್ಕೆ ಬಿಳಿ ಕಲೆ ಬಿದ್ದರೆ ಹೋಗುವುದಿಲ್ಲ. ಲ್ಯಾಮಿನೇಟ್ ಹಿಗ್ಗಿ ಕುಗ್ಗುವುದರಿಂದ ಅಂಚಿನಲ್ಲಿ 8ರಿಂದ 10 ಮಿ.ಮೀ. ಸಂದಿ ಬಿಡಿಸಿದೆ. ಪಟ್ಟಿಯನ್ನು ನೆಲಕ್ಕೆ ಮಾತ್ರ ಅಂಟಿಸಿದ್ದು, ಲ್ಯಾಮಿನೇಟಿಗೆ ಅಲ್ಲ. ಪಟ್ಟಿಯ ಮುಖ ಎರಡೂ ಕಡೆ ಸ್ವಲ್ಪ ಮುಚ್ಚುವಷ್ಟು ಅಗಲ ಇರಲಿ.

ಈ ಪಟ್ಟಿ 8 ಅಡಿ, 10 ಅಡಿ ಉದ್ದದಲ್ಲಿ ಬರುತ್ತದೆ. 3 ಅಡಿಯ ಬಾಗಿಲುಗಳಿಗೆ ಕತ್ತರಿಸಿದರೆ ತುಂಡು ಉಳಿದೇ ಉಳಿಯುತ್ತದೆ. ಬಣ್ಣದ ಪಟ್ಟಿಯ ಉಳಿದ ತುಂಡನ್ನು ಗುಜರಿಗೆ ಕೊಡಬೇಡಿ. ಬ್ಯಾಚ್ ಬದಲಾದರೆ ಬಣ್ಣದ ಛಾಯೆ ಬದಲಾಗುತ್ತದೆ, ಮುಂದೆ ಅದೇ ಬಣ್ಣ ಸಿಗುವ ಭರವಸೆ ಇಲ್ಲ. ನಮ್ಮದು ಮಂಚದ ಕೆಳಗಿದೆ. ಹಿತ್ತಾಳೆ ತುಂಡಿಗೆ ಆ ಚಿಂತೆ ಇಲ್ಲ, ಅದನ್ನು ಆಚಾರ್ರು ತೂಗಿಸಿ ಕೂಲಿಯಲ್ಲಿ ಕಳೆದುಕೊಂಡರು.