ಹಬ್ ಮೋಟರ್ ಚಕ್ರ ಬಿಚ್ಚಿ ಕೂರಿಸುವುದು ಹೇಗೆ?

ಚಕ್ರದೊಳಗೇ ಮೋಟರ್ ಇದ್ದರೆ ಅದು ಹಬ್ ಮೋಟರ್. ಅಂಥ ಎಲೆಕ್ಟ್ರಿಕ್ ಸ್ಕೂಟರಿನ ಹಿಂದಿನ ಚಕ್ರ ಬಿಚ್ಚುವುದು ಸುಲಭ. ಎಡವಟ್ಟಾಗುವುದು ವಾಪಸ್ ಕೂರಿಸುವಾಗ. ಟೈರ್ ಬದಲಿಸಲು ಹೋಗಿ ಮೋಟರಿನ ವೈರ್ ಕಿತ್ತುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅಂದಹಾಗೆ, ಟ್ಯೂಬ್‌ಲೆಸ್ ಟೈರಿಗೆ ಬರೀ ಪಂಕ್ಚರ್ ಆಗಿದ್ದರೆ ಚಕ್ರ ಬಿಚ್ಚಲೇಬೇಡಿ. ಗಾಡಿಯಲ್ಲಿದ್ದ ಹಾಗೇ ಪ್ಲಗ್ ಹಾಕಬಹುದು.

ಒಳಗೇನಿದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಹಬ್ ಮೋಟರಿನಲ್ಲಿ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ತಿರುಗುವುದಿಲ್ಲ. ತಾಮ್ರದ ಸುರುಳಿಗಳು ಅದರ ಮೇಲೆ ಅಲ್ಲಾಡದೆ ಕೂತಿರುತ್ತವೆ. ಒಳಮೈಗೆ ಮ್ಯಾಗ್ನೆಟ್ ಅಂಟಿಸಿದ ಹೊರಗಿನ ಡಬ್ಬಿ ಸುತ್ತುತ್ತದೆ, ಸೀಲಿಂಗ್ ಫ್ಯಾನಿನ ಹಾಗೆ. ಮ್ಯಾಗ್ನೆಟ್ ಈಗ ಎಲ್ಲಿದೆ ಎಂದು ಹಾಲ್ ಸೆನ್ಸರ್‌ಗಳು ಹೇಳುತ್ತವೆ, ಅದನ್ನು ನೋಡಿಕೊಂಡು ಕಂಟ್ರೋಲರ್ ಮೂರು ದಪ್ಪ ವೈರ್‌ಗಳಿಗೆ ಸರದಿಯಂತೆ ಕರೆಂಟ್ ಬಿಡುತ್ತದೆ. ಮೋಟರ್ ಚಕ್ರವನ್ನು ಮುಂದಕ್ಕೆ ತಳ್ಳುವಷ್ಟೇ ಜೋರಾಗಿ ಆಕ್ಸಲನ್ನು ಹಿಂದಕ್ಕೆ ತಿರುಚುತ್ತದೆ. ವೈರ್‌ಗಳೆಲ್ಲ ಹೊರಬರುವುದು ಅದೇ ಟೊಳ್ಳು ಆಕ್ಸಲಿನ ಮೂಲಕ. ಆಕ್ಸಲ್ ಒಂದು ಸುತ್ತು ಜಾರಿತೋ, ವೈರ್‌ಗಳು ತಿರುಚಿಕೊಂಡು ಹರಿಯುತ್ತವೆ.

1. ಬ್ಯಾಟರಿಯ ಎಂಸಿಬಿ (ಕರೆಂಟ್ ಕಡಿಯುವ ಮೇನ್ ಸ್ವಿಚ್) ಆಫ್ ಮಾಡಿ. ಕೀ ತೆಗೆದರೆ ಸಾಲದು.

2. ವೈರ್‌ಗಳ ಮತ್ತು ವಾಷರ್‌ಗಳ ಫೋಟೋ ತೆಗೆದುಕೊಳ್ಳಿ. ಕನೆಕ್ಟರ್ ಬಿಚ್ಚುವಾಗ ಪ್ಲಾಸ್ಟಿಕ್ ಭಾಗ ಹಿಡಿದು ಎಳೆಯಿರಿ. ವೈರ್ ಕತ್ತರಿಸಿ ಆಮೇಲೆ ಟೇಪ್ ಸುತ್ತುತ್ತೇನೆ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಗಾಡಿ ವಾಪಸ್ ತನ್ನಿ. ಅಷ್ಟು ಕರೆಂಟಿಗೆ ಅಂಥ ಜೋಡಣೆ ಕಾದು ಕರಗುತ್ತದೆ.

3. ಬ್ರೇಕ್ ಬಿಡಿಸಿ, ನಟ್ ತೆಗೆದು ಚಕ್ರ ಇಳಿಸಿ. ಚಕ್ರದ ಭಾರ ವೈರಿನ ಮೇಲೆ ಬೀಳದಿರಲಿ.

4. ಕೂರಿಸುವಾಗ ಅವಸರ ಬೇಡ. ಆಕ್ಸಲಿನ ಎರಡು ಬದಿ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಭಾಗ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದಿರುವ ತೋಳಿನ) ಸೀಳಿನೊಳಗೆ ತಳದವರೆಗೆ ಇಳಿಯಬೇಕು. ಅರ್ಧಕ್ಕೆ ನಿಂತಿದ್ದಾಗ ನಟ್ ಬಿಗಿದರೆ, ಬಿಗಿಯಾದಂತೆ ಕಾಣುತ್ತದೆ, ನಾಲ್ಕು ದಿನ ಓಡಿಸಿದ ಮೇಲೆ ಸಡಿಲವಾಗುತ್ತದೆ. ಅಂಚಿನಲ್ಲಿ ಸಣ್ಣ ಕೊಕ್ಕೆ ಇರುವ ವಾಷರ್ ಇದ್ದರೆ ಆ ಕೊಕ್ಕೆ ಸೀಳಿನೊಳಗೇ ಕೂರಬೇಕು. ಆಕ್ಸಲ್ ತಿರುಗದಂತೆ ತಡೆಯುವುದೇ ಅದರ ಕೆಲಸ. ಅದು ಕಳೆದುಹೋದರೆ ಮಾಮೂಲಿ ವಾಷರ್ ಹಾಕಬೇಡಿ. ಮೆತ್ತನೆ ತಗಡಿನ ಅಗ್ಗದ ವಾಷರ್ ಕೂಡ ಬೇಡ, ಅದು ಬಾಗುತ್ತದೆ. ವೈರ್ ಹೊರಬರುವ ತೂತು ಕೆಳಮುಖವಾಗಿರಲಿ. ವೈರ್ ಮೊದಲು ಸ್ವಲ್ಪ ಇಳಿಬಿದ್ದು ಆಮೇಲೆ ಮೇಲೇರಬೇಕು. ಇಲ್ಲದಿದ್ದರೆ ಮಳೆನೀರು ವೈರ್ ಗುಂಟ ಹರಿದು ಮೋಟರಿನೊಳಗೆ ಹೋಗುತ್ತದೆ. ನಟ್‌ಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ, ಕೊನೆಗೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಹಿಡಿದು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟಕ್ಕೆ ನಿಲ್ಲಿಸಿ.

5. ಕನೆಕ್ಟರ್‌ಗಳನ್ನು ಬಣ್ಣ ನೋಡಿ ಜೋಡಿಸಿ, ಬ್ರೇಕ್ ಸರಿಪಡಿಸಿ.

ಈಗ ಚಕ್ರ ನೆಲ ಬಿಟ್ಟಿರುವಂತೆ ನಿಲ್ಲಿಸಿ, ಎಂಸಿಬಿ ಆಫ್ ಇರುವಾಗಲೇ ಕೈಯಲ್ಲಿ ತಿರುಗಿಸಿ. ಮೊದಲಿಗಿಂತ ಭಾರವಾಗಿ, ತಡೆತಡೆದು ತಿರುಗಿದರೆ ದಪ್ಪ ವೈರ್‌ಗಳು ಒಂದಕ್ಕೊಂದು ತಾಕಿರಬಹುದು. ಎಂಸಿಬಿ ಆನ್ ಮಾಡಬೇಡಿ. ಹಗುರವಾಗಿ ತಿರುಗಿದರೆ ಆನ್ ಮಾಡಿ, ಆಕ್ಸಲೇಟರ್ ಮೆಲ್ಲಗೆ ಕೊಡಿ. ಹೊರಡದೆ ನಡುಗಿದರೆ ಹೊಸ ಕಂಟ್ರೋಲರ್ ಕೊಳ್ಳಲು ಓಡಬೇಡಿ, ಮೊದಲು ಹಾಲ್ ಸೆನ್ಸರಿನ ಸಣ್ಣ ಕನೆಕ್ಟರ್ ನೋಡಿ. ಜಾಸ್ತಿ ಸಲ ಅದರ ಒಂದು ಪಿನ್ ಹಿಂದಕ್ಕೆ ಸರಿದಿರುತ್ತದೆ.